ಸರಕು ಎಲ್ಲಿ ಕಾಯುತ್ತಿದೆ, ಮೊದಲು ನೋಡಿ

ಸಣ್ಣ ಉದ್ಯೋಗ ನಡೆಸುವವರ ಕಿವಿಗೆ ‘ಲೀನ್’ ಎಂಬ ಮಾತು ಈಚೆಗೆ ಬೀಳುತ್ತಿದೆ. ಉತ್ಪಾದನೆಯಲ್ಲಿ ಪೋಲು ತಗ್ಗಿಸುವ ಪದ್ಧತಿ ಅದು. ಜಪಾನಿನ ಟೊಯೊಟಾ ಕಾರ್ಖಾನೆಗಳಲ್ಲಿ ಬೆಳೆದದ್ದು. ಹಾಗಾದರೆ ಆಳು ಬಿಡಿಸುವುದೇ? ಅಲ್ಲ. ಸರಕು ಸುಮ್ಮನೆ ಕಾಯುವುದು, ಕೆಟ್ಟದ್ದನ್ನು ಮತ್ತೆ ಮಾಡುವುದು, ಸಾಮಾನು ಹುಡುಕುವುದು, ಇವುಗಳಿಗೆ ಹೋಗುವ ಹೊತ್ತನ್ನು ಉಳಿಸುವುದು. ಆದರೆ ಎಲ್ಲ ಉದ್ಯೋಗಕ್ಕೂ ಒಂದೇ ಮಾದರಿ ಒಗ್ಗುವುದಿಲ್ಲ.

ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಯನ್ನೇ ತೆಗೆದುಕೊಳ್ಳಿ. 2019ರಲ್ಲಿ ಇದಕ್ಕೆ ಜಿಐ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳು ಅದರಲ್ಲಿವೆ. ಒಬ್ಬರು ಅಟ್ಟೆ ಕತ್ತರಿಸುತ್ತಾರೆ, ಒಬ್ಬರು ಪಟ್ಟಿ ಹೆಣೆಯುತ್ತಾರೆ, ಇನ್ನೊಬ್ಬರು ಚರ್ಮದ ದಾರದಿಂದ ಹೊಲಿಯುತ್ತಾರೆ. ಇಪ್ಪತ್ತು ಜೋಡಿಯ ಅಟ್ಟೆ ಒಟ್ಟಿಗೇ ಕತ್ತರಿಸಿ ಗುಡ್ಡೆ ಹಾಕಿದಿರಿ ಅನ್ನೋಣ. ಅಳತೆ ಅರ್ಧ ಬೆರಳು ತಪ್ಪಿದ್ದು ಹೊಲಿಯಲು ಕೂತಾಗ ಗೊತ್ತಾಗುತ್ತದೆ. ಅಷ್ಟೂ ಚರ್ಮ ಹಾಳು. ನಾಲ್ಕು ಜೋಡಿ ಕತ್ತರಿಸಿ ಮುಂದಿನವರ ಕೈಗೆ ಕೊಟ್ಟಿದ್ದರೆ ನಾಲ್ಕರಲ್ಲೇ ತಪ್ಪು ಸಿಗುತ್ತಿತ್ತು. ಇಲ್ಲಿಗೆ ಒಗ್ಗುವುದು ಈ ಸಣ್ಣ ಕಂತಿನ ಮಾದರಿ. ಹಾಗೆಂದು ಚರ್ಮ ಹದಮಾಡುವ ದಿನಗಳಿಗೆ ಕತ್ತರಿ ಹಾಕಬೇಡಿ. ಆ ಕಾಯುವಿಕೆ ಪೋಲಲ್ಲ, ಚಪ್ಪಲಿಯ ಬಾಳಿಕೆಯೇ ಅಲ್ಲಿದೆ.

ಚಿಕ್ಕೋಡಿ, ರಾಯಬಾಗ, ಕಾಗವಾಡ ಭಾಗದ ಸಕ್ಕರೆ ಕಾರ್ಖಾನೆಗಳ ಲೆಕ್ಕವೇ ಬೇರೆ. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಹಂಗಾಮಿನಲ್ಲಿ ಯಂತ್ರ ನಿಂತರೆ ಟ್ರ್ಯಾಕ್ಟರುಗಳ ಸಾಲು ನಿಲ್ಲುತ್ತದೆ, ರೈತನ ಕಬ್ಬೂ ಬಿಸಿಲಲ್ಲಿ ನಿಲ್ಲುತ್ತದೆ. ಹಾಗಾಗಿ ಇಲ್ಲಿ ಟಿಪಿಎಂ ಬೇಕು. ಯಂತ್ರ ಕೆಡುವ ಮೊದಲೇ, ಅದನ್ನು ನಡೆಸುವವರೇ ದಿನವೂ ನೋಡಿಕೊಳ್ಳುವ ಕ್ರಮ ಅದು. ಜೊತೆಗೆ ಕಡಿಯುವ ಗ್ಯಾಂಗಿಗೂ ಅರೆಯುವ ವೇಗಕ್ಕೂ ಹೊಂದಿಕೆ ಇರಬೇಕು.

ಲೇಥ್ ಇಟ್ಟವರಿಗೆ ದಿನಕ್ಕೊಂದು ಬಗೆಯ ಕೆಲಸ. ಒಂದು ಕೆಲಸ ಮುಗಿದು ಇನ್ನೊಂದಕ್ಕೆ ಯಂತ್ರ ಹೊಂದಿಸುವ ಹೊತ್ತೇ ಅವರ ನಷ್ಟ. ಮುಂದಿನ ಕೆಲಸದ ಸಲಕರಣೆಯನ್ನು ಯಂತ್ರ ಓಡುತ್ತಿರುವಾಗಲೇ ತೆಗೆದಿಡಿ.

ಲೀನ್ ಅಳವಡಿಸಿಕೊಳ್ಳಲು ಖರ್ಚೆಷ್ಟು? ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ಎಂಎಸ್‌ಎಂಇ ಕಾಂಪಿಟಿಟಿವ್ ಲೀನ್ ಯೋಜನೆ ಆರಂಭಿಸಿತು. ಇದು ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳಿಗೆ ಮಾತ್ರ. ಬೇಸಿಕ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್ ಎಂದು ಮೂರು ಹಂತ. ಮೊದಲ ಹಂತಕ್ಕೆ ಶುಲ್ಕವಿಲ್ಲ. ಮುಂದಿನವುಗಳಲ್ಲಿ ಸಲಹೆಗಾರರ ಶುಲ್ಕದ ಶೇ. 90 ಸರ್ಕಾರದ್ದು. ಶುಲ್ಕ ಒಂದು ಲಕ್ಷವಾದರೆ ನಿಮ್ಮ ಕೈಯಿಂದ ಹತ್ತು ಸಾವಿರ. ಮಹಿಳೆಯರ ಮತ್ತು ಪರಿಶಿಷ್ಟ ಜಾತಿ, ಪಂಗಡದವರ ಉದ್ಯಮಗಳಿಗೆ ಇನ್ನೂ ಶೇ. 5 ಸೇರುತ್ತದೆ. ಚಪ್ಪಲಿ ಮಾಡುವ ಕುಟುಂಬಗಳಲ್ಲಿ ಇದಕ್ಕೆ ಅರ್ಹರಾದವರು ಕೇಳಿ ಪಡೆಯಬೇಕು.

ಯೋಜನೆಗೆ ಸೇರಲು ಉದ್ಯಮ್ ನೋಂದಣಿ ಬೇಕೇ ಬೇಕು. ಆನ್‌ಲೈನಿನಲ್ಲಿ ಆಧಾರ್ ಇಟ್ಟು ಪುಕ್ಕಟೆಯಾಗಿ ಮಾಡಿಕೊಳ್ಳಬಹುದು, ಯಾರಿಗೂ ದುಡ್ಡು ಕೊಡಬೇಡಿ. ಆಮೇಲೆ ಯೋಜನೆಯ ಪೋರ್ಟಲಿನಲ್ಲಿ ‘ಲೀನ್ ಪ್ರತಿಜ್ಞೆ’ ಸ್ವೀಕರಿಸಿ ಹೆಸರು ಸೇರಿಸಿ. ತೊಡಕಾದರೆ ಬೆಳಗಾವಿಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ.