ಪುಟ್ಟ ಪೆಟ್ಟಿಗೆಯ ದೊಡ್ಡ ಸಾಹಸ

ಮೂರಂಗುಲ ಅಗಲ, ಅದಕ್ಕಿಂತ ತುಸು ಮಿಗಿಲಾದ ಎತ್ತರ. ಅಂಗೈಯ ಮೇಲೆ ನಿಲ್ಲಿಸಿಕೊಳ್ಳಬಹುದಾದಂತಹ ಒಂದು ಪುಟ್ಟ ಪೆಟ್ಟಿಗೆ. ಅದನ್ನು ಒಂದು ತಂತಿಯಿಂದ ಟೆಲಿವಿಷನ್ನಿಗೆ ಜೋಡಿಸಿ, ಗುಂಡಿಗಳುಳ್ಳ ಹಿಡಿಕೆಯನ್ನು ಕೈಗೆತ್ತಿಕೊಂಡರೆ ಸಾಕು, ಮನೆಯ ಪಡಸಾಲೆಯೇ ಆಟದ ಬಯಲಾಗುವುದು. ಬೆಲೆ ಕೇವಲ 99 ಡಾಲರು. ಅದರ ಹೆಸರು ‘ಊಯಾ’.

2012ನೆಯ ಇಸವಿಯ ಜುಲೈ 10ರಂದು ಅಮೆರಿಕದ ಜೂಲಿ ಊರ್ಮನ್ ಎಂಬ ಮಹಿಳೆ ಈ ಪೆಟ್ಟಿಗೆಯ ಯೋಜನೆಯನ್ನು ‘ಕಿಕ್‌ಸ್ಟಾರ್ಟರ್’ ಎಂಬ ಸಾರ್ವಜನಿಕ ವಂತಿಗೆಯ ತಾಣದಲ್ಲಿ ಜನರ ಮುಂದಿರಿಸಿದರು. ಕೋರಿದ ಮೊತ್ತ 9,50,000 ಡಾಲರು. ಅಷ್ಟು ಹಣ ಕೂಡಿದುದು ಎಂಟೇ ಗಂಟೆಗಳಲ್ಲಿ! ಒಂದು ತಿಂಗಳ ಗಡುವು ಮುಗಿದಾಗ 63,416 ಮಂದಿ ಒಟ್ಟು 85 ಲಕ್ಷ ಡಾಲರುಗಳಿಗೂ ಮಿಕ್ಕಿ ಹಣ ಕಟ್ಟಿದ್ದರು. ಇನ್ನೂ ಅಂಗಡಿಯ ಮುಖವನ್ನೇ ಕಾಣದ ಒಂದು ಯಂತ್ರದ ಮೇಲೆ ಇಷ್ಟೊಂದು ಜನ ಇಷ್ಟೊಂದು ನಂಬಿಕೆಯಿಟ್ಟುದೇಕೆ?

ಕೋಟೆಯ ಬಾಗಿಲು

ಟೆಲಿವಿಷನ್ನಿನ ಮುಂದೆ ಕುಳಿತು ಆಡುವ ಆಟಗಳ ಸಾಮ್ರಾಜ್ಯವನ್ನು ಆಗ ಆಳುತ್ತಿದ್ದವರು ಮೂವರು: ಜಪಾನಿನ ನಿಂಟೆಂಡೊ ಮತ್ತು ಸೋನಿ, ಅಮೆರಿಕದ ಮೈಕ್ರೊಸಾಫ್ಟ್. ಇವರ ಯಂತ್ರಕ್ಕೆ ಆಟವೊಂದನ್ನು ರಚಿಸಬೇಕಾದರೆ ಇವರ ಅಪ್ಪಣೆ ಬೇಕು. ಇವರು ಕೊಡುವ ವಿಶೇಷ ಸಲಕರಣೆ ಬೇಕು. ಅದಕ್ಕೆ ಸಾವಿರಾರು ಡಾಲರು ಬೇಕು. ಇಬ್ಬರು ಮೂವರು ಗೆಳೆಯರು ಮನೆಯ ಮೂಲೆಯಲ್ಲಿ ಕುಳಿತು ರಚಿಸಿದ ಆಟಕ್ಕೆ ಆ ಕೋಟೆಯ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ.

ಇತ್ತ ಮೊಬೈಲ್ ಫೋನಿನ ಲೋಕದಲ್ಲಿ ಬೇರೆಯೇ ಗಾಳಿ ಬೀಸಿತ್ತು. 2008ರಲ್ಲಿ ಆಪಲ್ ಕಂಪನಿಯು ತನ್ನ ಫೋನಿಗಾಗಿ ಆಪ್‌ಗಳ ಅಂಗಡಿಯನ್ನು ತೆರೆದ ಮೇಲೆ, ಫಿನ್ಲೆಂಡಿನ ಒಂದು ಚಿಕ್ಕ ಸಂಸ್ಥೆ 2009ರಲ್ಲಿ ಹೊರತಂದ ‘ಆಂಗ್ರಿ ಬರ್ಡ್ಸ್’ ಜಗತ್ತನ್ನೇ ಸುತ್ತಿತು. ಒಂದು ಡಾಲರಿನ ಆಟ ಕೋಟ್ಯಂತರ ಜನರ ಕೈಸೇರಿತು. ಈ ಅಗ್ಗದ ಆಟಗಳನ್ನೂ ಈ ಸ್ವಾತಂತ್ರ್ಯವನ್ನೂ ಪಡಸಾಲೆಯ ದೊಡ್ಡ ತೆರೆಗೆ ತಂದರೆ ಹೇಗೆ? ಊಯಾದ ಹುಟ್ಟಿಗೆ ಈ ಪ್ರಶ್ನೆಯೇ ಮೂಲ.

ಅದರ ಒಡಲೊಳಗಿದ್ದುದು ಎನ್ವಿಡಿಯಾ ಕಂಪನಿಯ ‘ಟೆಗ್ರಾ 3’ ಎಂಬ ಚಿಪ್. ಆ ಕಾಲದ ಟ್ಯಾಬ್ಲೆಟ್ಟುಗಳ ಮಿದುಳಾಗಿದ್ದುದೂ ಅದೇ. ಅದನ್ನು ನಡೆಸುತ್ತಿದ್ದುದು ಫೋನುಗಳ ಆಂಡ್ರಾಯಿಡ್ ವ್ಯವಸ್ಥೆ. ಪೆಟ್ಟಿಗೆ ಕೊಂಡವರು ಯಾರೇ ಆಗಲಿ, ಅದರ ಮೇಲೆಯೇ ಆಟ ರಚಿಸಬಹುದಾಗಿತ್ತು. ಬೇರೆ ಸಲಕರಣೆ ಬೇಕಿಲ್ಲ, ದೊರೆಗಳ ಅಪ್ಪಣೆಯೂ ಬೇಕಿಲ್ಲ. ಪ್ರತಿಯೊಂದು ಆಟವನ್ನೂ ಸ್ವಲ್ಪವಾದರೂ ಪುಕ್ಕಟೆಯಾಗಿ ಆಡಿನೋಡಲು ಬಿಡಬೇಕೆಂಬ ನಿಯಮವೂ ಇದ್ದಿತು. ಬಡವನ ಪಾಲಿಗೆ ಬಾಗಿಲು ತೆರೆದಂತಾಯಿತೆಂದು ಜನ ಹಿಗ್ಗಿದುದರಲ್ಲಿ ಆಶ್ಚರ್ಯವೇನು?

ಬೀಜ ಮೊದಲೋ, ವೃಕ್ಷ ಮೊದಲೋ?

2013ರ ಜೂನ್ 25ರಂದು ಊಯಾ ಅಂಗಡಿಗಳಿಗೆ ಬಂದಿತು. ಮೊದಲೇ ಹಣ ಕಟ್ಟಿದ್ದ ಕೆಲವರಿಗೆ ಆ ವೇಳೆಗೆ ಪೆಟ್ಟಿಗೆ ತಲುಪಿರಲಿಲ್ಲ. ತಾವು ಕಾಯುತ್ತಿರುವ ವಸ್ತುವನ್ನು ನಿನ್ನೆ ಮೊನ್ನೆಯವರು ಅಂಗಡಿಯಿಂದ ಕೊಂಡೊಯ್ಯುವುದನ್ನು ಅವರು ನೋಡಬೇಕಾಯಿತು. ಹಿಡಿಕೆಯ ಗುಂಡಿಗಳು ಮೇಲ್ಹೊದಿಕೆಯ ಅಂಚಿಗೆ ಸಿಕ್ಕಿಕೊಳ್ಳುತ್ತವೆಂದು ಮೊದಲ ವಿಮರ್ಶಕರು ದೂರಿದರು.

ಆದರೆ ಇವೆಲ್ಲ ತಿದ್ದಬಹುದಾದ ಕುಂದುಗಳು. ನಿಜವಾದ ತೊಡಕು ಬೇರೆಡೆ ಇದ್ದಿತು. ಆಟದ ಯಂತ್ರವನ್ನು ಜನ ಕೊಳ್ಳುವುದು ಯಂತ್ರಕ್ಕಾಗಿ ಅಲ್ಲ, ಆಟಕ್ಕಾಗಿ. ಒಳ್ಳೆಯ ಆಟಗಳಿಲ್ಲದೆ ಜನ ಬಾರರು. ಜನರಿಲ್ಲದೆಡೆಗೆ ಒಳ್ಳೆಯ ಆಟ ರಚಿಸುವವರು ಬಾರರು. ಹಿರಿಯರು ಹೇಳುವ ಬೀಜವೃಕ್ಷನ್ಯಾಯ ಇದೇ ಅಲ್ಲವೆ? ನೆಲೆಯೂರಿದ ಕಂಪನಿಗಳು ಈ ಸುಳಿಯನ್ನು ದಾಟುವ ಬಗೆಯನ್ನು ಬಲ್ಲವು. ತಮ್ಮ ಹಣದಿಂದಲೇ ಆಟ ರಚಿಸುವ ತಂಡಗಳನ್ನು ಸಾಕುತ್ತವೆ; ಯಂತ್ರವನ್ನು ಲಾಭವಿಲ್ಲದೆಯಾದರೂ ಮಾರಿ, ಆಟಗಳ ಮಾರಾಟದಲ್ಲಿ ಹಣವನ್ನು ಮರಳಿ ಪಡೆಯುತ್ತವೆ. ಊಯಾದ ಬೊಕ್ಕಸಕ್ಕೆ ಅಷ್ಟು ಆಳವಿರಲಿಲ್ಲ.

ಇನ್ನೊಂದು ತೊಡಕೂ ಇದ್ದಿತು. ಫೋನಿನ ಆಟವನ್ನು ಹೆಣೆದಿರುವುದು ಬೆರಳಿಗಾಗಿ. ಬಸ್ಸಿಗೆ ಕಾಯುವ ಐದು ನಿಮಿಷಕ್ಕಾಗಿ. ಅದನ್ನೇ ದೊಡ್ಡ ತೆರೆಯ ಮೇಲೆ, ದೂರದಲ್ಲಿ ಕುಳಿತು, ಹಿಡಿಕೆಯಿಂದ ಆಡಿದರೆ ರುಚಿ ಕೆಡುತ್ತದೆ. ಮೇಲಾಗಿ, ಆ ಆಟ ಆಗಲೇ ಜೇಬಿನಲ್ಲಿರುವವನು ಅದಕ್ಕೆಂದೇ ಇನ್ನೊಂದು ಪೆಟ್ಟಿಗೆಯನ್ನೇಕೆ ಕೊಂಡಾನು?

ಒಂದು ಆಟ ಮಾತ್ರ ಊಯಾದ ಕೀರ್ತಿಯನ್ನು ಎತ್ತಿಹಿಡಿಯಿತು. ನಾಲ್ವರು ಒಂದೇ ಕೋಣೆಯಲ್ಲಿ ಕುಳಿತು ಬಿಲ್ಲುಬಾಣಗಳಿಂದ ಕಾದಾಡುವ ‘ಟವರ್‌ಫಾಲ್’ ಅದು. ಮೊದಲು ಊಯಾದಲ್ಲಿ ಮಾತ್ರವೇ ದೊರೆಯುತ್ತಿದ್ದ ಈ ಆಟವನ್ನು ಎಲ್ಲರೂ ಹೊಗಳಿದರು. 2014ರ ಮಾರ್ಚಿ ತಿಂಗಳಲ್ಲಿ ಅದೇ ಆಟ ಇನ್ನಷ್ಟು ಬೆಳೆದು ಸೋನಿಯ ಪ್ಲೇಸ್ಟೇಷನ್ 4ಕ್ಕೂ ಕಂಪ್ಯೂಟರಿಗೂ ಬಂದಿತು. ಊಯಾದ ತೊಟ್ಟಿಲಲ್ಲಿ ಬೆಳೆದ ಕೂಸು ನೆರೆಮನೆಯ ಅಂಗಳದಲ್ಲೂ ಆಡತೊಡಗಿದ ಮೇಲೆ, ಈ ಪೆಟ್ಟಿಗೆಯನ್ನೇ ಕೊಳ್ಳಲು ಇದ್ದ ದೊಡ್ಡ ಕಾರಣವೂ ಕೈಬಿಟ್ಟಂತಾಯಿತು. 2013ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಪ್ಲೇಸ್ಟೇಷನ್ 4ರ ಬೆಲೆ 399 ಡಾಲರು, ಊಯಾಗಿಂತ ನಾಲ್ಮಡಿ. ಆದರೂ ಜನ ಅದನ್ನೇ ಆರಿಸಿಕೊಂಡರು. 2015ರಲ್ಲಿ ಊಯಾದ ತಂತ್ರಾಂಶವನ್ನು ರೇಜರ್ ಎಂಬ ಕಂಪನಿ ಕೊಂಡಿತು. ಪೆಟ್ಟಿಗೆಯ ತಯಾರಿಕೆ ಅಲ್ಲಿಗೇ ನಿಂತಿತು.

ಫೋನೇ ಆಟದ ಯಂತ್ರವಾದಾಗ

ಇಂತಹ ಪ್ರಯತ್ನ ಇದೇ ಮೊದಲಲ್ಲ. 2003ರ ಅಕ್ಟೋಬರಿನಲ್ಲಿ ನೋಕಿಯಾ ಕಂಪನಿಯು ‘ಎನ್-ಗೇಜ್’ ಎಂಬ ಫೋನನ್ನು ಹೊರತಂದಿತ್ತು. ಫೋನೂ ಅದೇ, ಆಟದ ಯಂತ್ರವೂ ಅದೇ. ಬೆಲೆ 299 ಡಾಲರು. ಅದರ ಎದುರಾಳಿಯಾದ ನಿಂಟೆಂಡೊದ ಗೇಮ್ ಬಾಯ್ ಅಡ್ವಾನ್ಸ್ ಅದಕ್ಕಿಂತ ಬಹಳ ಅಗ್ಗವಾಗಿ ದೊರೆಯುತ್ತಿತ್ತು. ಆಟ ಬದಲಿಸಬೇಕಾದರೆ ಫೋನಿನ ಹಿಂಬದಿ ಬಿಚ್ಚಿ, ಬ್ಯಾಟರಿಯನ್ನೇ ಹೊರತೆಗೆಯಬೇಕು! ಮಾತನಾಡಬೇಕಾದರೆ ಅದರ ಅಂಚನ್ನು ಕಿವಿಗೆ ಒತ್ತಿ ಹಿಡಿಯಬೇಕು. ಜನ ನಕ್ಕರು, ಕೊಂಡವರು ಕಡಿಮೆ.

ಹಾಗಾದರೆ ಮೊಬೈಲಿನ ಕುಲದಲ್ಲಿ ಹುಟ್ಟಿದ ಯಂತ್ರವು ದಿಗ್ಗಜಗಳೊಡನೆ ಸೆಣಸಲಾರದು ಎಂದೇ ತೀರ್ಮಾನಿಸಬೇಕೆ? ಅವಸರ ಬೇಡ.

ಒಂದೇ ಮಿದುಳು, ಎರಡು ಹಣೆಬರಹ

2015ರಲ್ಲಿ ಎನ್ವಿಡಿಯಾ ಕಂಪನಿಯು ತಾನೇ ‘ಶೀಲ್ಡ್’ ಎಂಬ ಆಂಡ್ರಾಯಿಡ್ ಪೆಟ್ಟಿಗೆಯನ್ನು ಟೆಲಿವಿಷನ್ನಿಗಾಗಿ ತಯಾರಿಸಿತು. ಅದರೊಳಗಿದ್ದುದು ‘ಟೆಗ್ರಾ ಎಕ್ಸ್ 1’ ಎಂಬ ಚಿಪ್. ಚಲಚ್ಚಿತ್ರ ನೋಡುವವರು ಅದನ್ನು ಮೆಚ್ಚಿದರು. ಆದರೆ ಆಟದ ಲೋಕದ ಸಿಂಹಾಸನಗಳು ಅಲುಗಲಿಲ್ಲ. 2017ರ ಮಾರ್ಚಿ 3ರಂದು ನಿಂಟೆಂಡೊ ತನ್ನ ‘ಸ್ವಿಚ್’ ಯಂತ್ರವನ್ನು ಬಿಡುಗಡೆ ಮಾಡಿತು. ಅದರ ಮಿದುಳೂ ಅದೇ ಟೆಗ್ರಾ ಎಕ್ಸ್ 1ರ ವಂಶದ್ದೇ! ಶಕ್ತಿಯಲ್ಲಿ ಅದು ಪ್ಲೇಸ್ಟೇಷನ್ 4ಕ್ಕೆ ಸಮನಲ್ಲ. ಆದರೂ 15 ಕೋಟಿಗೂ ಹೆಚ್ಚು ಸ್ವಿಚ್‌ಗಳು ಮಾರಾಟವಾದುವು.

ಈ ವ್ಯತ್ಯಾಸಕ್ಕೆ ಕಾರಣವೇನು? ನಿಂಟೆಂಡೊ ಫೋನಿನ ಆಟಗಳನ್ನು ಎರವಲು ತರಲಿಲ್ಲ. ಟೆಲಿವಿಷನ್ನಿನ ಮುಂದೆ ಆಡುತ್ತಿದ್ದವನು ಅದೇ ಆಟವನ್ನು ಕೈಯಲ್ಲೆತ್ತಿಕೊಂಡು ರೈಲು ಹತ್ತಬಹುದಾದಂತಹ ಯಂತ್ರವನ್ನು ಯೋಚಿಸಿ, ಆ ಯಂತ್ರಕ್ಕೆ ತಕ್ಕ ಆಟಗಳನ್ನು ತಾನೇ ರಚಿಸಿತು. ‘ಜೆಲ್ಡಾ’ ಸರಣಿಯ ಹೊಸ ಆಟ ಯಂತ್ರದ ಜೊತೆಯಲ್ಲೇ ಬಂದಿತು. ‘ಮಾರಿಯೊ’ ಅದೇ ವರ್ಷ ಹಿಂಬಾಲಿಸಿತು. ಮೊಬೈಲಿನ ಚಿಪ್ ಅಲ್ಲಿ ಕೊರತೆಯಾಗಲಿಲ್ಲ. ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಅದರ ಗುಣದಿಂದಲೇ ಯಂತ್ರವನ್ನು ಕೈಯಲ್ಲಿ ಹಿಡಿದು ಆಡುವುದು ಸಾಧ್ಯವಾಯಿತು.

ಅಲ್ಲಿಂದೀಚೆಗೆ ಫೋನುಗಳ ಶಕ್ತಿಯೂ ಬೆಳೆದಿದೆ. 2020ರಲ್ಲಿ ಬಂದ ‘ಗೆನ್ಶಿನ್ ಇಂಪ್ಯಾಕ್ಟ್’ ಎಂಬ ಆಟ ಫೋನಿಗೂ ಪ್ಲೇಸ್ಟೇಷನ್ನಿಗೂ ಒಂದೇ ದಿನ ಬಿಡುಗಡೆಯಾಯಿತು. ದೊಡ್ಡ ಯಂತ್ರಗಳಿಗೆಂದು ರಚಿಸಿದ ‘ರೆಸಿಡೆಂಟ್ ಈವಿಲ್ ವಿಲೇಜ್’ 2023ರಲ್ಲಿ ಐಫೋನ್ 15 ಪ್ರೊ ಮೇಲೆಯೂ ನಡೆಯಿತು. ಆದುದರಿಂದ ಮೊಬೈಲಿನ ಯಂತ್ರ ಸೆಣಸಬಲ್ಲದೇ ಎಂಬ ಪ್ರಶ್ನೆಗೆ ಉತ್ತರ ಅದರ ಚಿಪ್ಪಿನಲ್ಲಿಲ್ಲ. ಇಲ್ಲಿ ಮಾತ್ರ ದೊರೆಯುವ ಆಟ ಯಾವುದು, ಆಡುವವರ ಕೈಯನ್ನು ಹತ್ತು ವರ್ಷ ಬಿಡದೆ ಹಿಡಿದು ನಡೆಸುವವರು ಯಾರು? ಈ ಎರಡು ಪ್ರಶ್ನೆಗಳಿಗೆ ಉತ್ತರವುಳ್ಳ ಯಂತ್ರ ಗೆದ್ದೀತು. ಇಲ್ಲದುದು, ಎಷ್ಟೇ ಅಗ್ಗವಾಗಿರಲಿ, ಸೋತೀತು.

ಊಯಾದ ಕಥೆಯ ಕೊನೆಯ ಪುಟ ಇದಕ್ಕೆ ಸಾಕ್ಷಿ. ಅಂಗಡಿಗೆ ಬಂದು ಸರಿಯಾಗಿ ಆರು ವರ್ಷ ತುಂಬಿದ ದಿನ, 2019ರ ಜೂನ್ 25ರಂದು, ಅದರ ಆಟಗಳ ಮಳಿಗೆಯನ್ನು ಮುಚ್ಚಲಾಯಿತು. ಖರೀದಿಯನ್ನು ಆ ಮಳಿಗೆಯೊಡನೆ ತಾಳೆನೋಡಿ ತೆರೆಯಬೇಕಾಗಿದ್ದ ಆಟಗಳು, ಹಣ ಕೊಟ್ಟು ಕೊಂಡಿದ್ದವರಿಗೂ ಮುಂದೆ ತೆರೆಯಲಿಲ್ಲ. ಎಲ್ಲರಿಗೂ ಬಾಗಿಲು ತೆರೆಯುತ್ತೇನೆಂದು ಹೊರಟ ಪುಟ್ಟ ಪೆಟ್ಟಿಗೆ, ತನ್ನನ್ನು ನಂಬಿದವರ ಮುಂದೆಯೇ ಬಾಗಿಲು ಹಾಕಿಕೊಂಡಿತು.