ಫ್ಲೋರೈಡ್ ನೀರು ಮತ್ತು ಮಕ್ಕಳ ಮಂಡಿ ಮೂಳೆ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು ತಿಳಿದ ವಿಷಯ. ಕೋರ ಹೋಬಳಿಯಲ್ಲಿಯೂ ಕೊಳವೆ ಬಾವಿಯ ನೀರನ್ನು ಪರೀಕ್ಷಿಸದೆ ಕುಡಿಯುವುದು ಸರಿಯಲ್ಲ. ಲೀಟರು ನೀರಿನಲ್ಲಿ 1 ಮಿ.ಗ್ರಾಂ.ವರೆಗೆ ಫ್ಲೋರೈಡ್ ಇರಬಹುದು. ಬೇರೆ ನೀರಿಲ್ಲದಿದ್ದರೂ 1.5 ಮಿ.ಗ್ರಾಂ. ಮೀರಬಾರದು.

ಮೂಳೆಗೆ ಆಗುವುದೇನು?

ಹೆಚ್ಚಾದ ಫ್ಲೋರೈಡ್ ಬೆನ್ನುಮೂಳೆಯನ್ನು ದಟ್ಟವಾಗಿಸಿ ಬಿರುಸು ಮಾಡುತ್ತದೆ. ಆದರೆ ಆಹಾರದಲ್ಲಿ ಸುಣ್ಣದ ಅಂಶ ಸಾಲದ ಮಕ್ಕಳಲ್ಲಿ ಮಂಡಿಯ ಬಳಿಯ ಮೂಳೆ ಸಡಿಲವಾಗಿ, ಮೈಭಾರಕ್ಕೆ ಬಾಗುತ್ತದೆ. ಮಂಡಿಗಳು ಒಂದಕ್ಕೊಂದು ತಗುಲಿ ಪಾದಗಳು ದೂರವಾಗುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ಅವರು ಇದನ್ನು 1973ರಲ್ಲಿ ವರದಿ ಮಾಡಿದರು.

ಶಸ್ತ್ರಚಿಕಿತ್ಸೆ

ಮಂಡಿಯ ಹತ್ತಿರ ಮೂಳೆ ಕತ್ತರಿಸಿ, ನೇರ ಮಾಡಿ, ಲೋಹದ ಪಟ್ಟಿ ಮತ್ತು ಸ್ಕ್ರೂಗಳಿಂದ ಬಿಗಿಯಬಹುದು. ಮೂಳೆ ಸಡಿಲವಿದ್ದರೆ ಸ್ಕ್ರೂ ಹಿಡಿತ ಸಾಲದು. ಬೆನ್ನುಮೂಳೆ ದಟ್ಟವಾಗಿದೆಯೆಂದು ಮಂಡಿಯೂ ಗಟ್ಟಿಯೆಂದು ಭಾವಿಸಬಾರದು. ಮಂಡಿಯ ಭಾಗವನ್ನೇ ಪರೀಕ್ಷಿಸಬೇಕು. ಮೊದಲು ನೀರು ಬದಲಾಯಿಸಿ, ಸುಣ್ಣದ ಅಂಶ ಮತ್ತು ‘ಡಿ’ ಜೀವಸತ್ವದ ಕೊರತೆ ನೀಗಿಸತಕ್ಕದ್ದು. ಇಲ್ಲವಾದರೆ ಬೆಳೆಯುವ ಮಗುವಿನ ಕಾಲು ಮತ್ತೆ ಬಾಗಬಹುದು.

ರೈತ ಬಾಂಧವರು ಮಾಡಬೇಕಾದುದು

1. ಕುಡಿಯುವ ನೀರಿನ ಪ್ರತಿಯೊಂದು ಕೊಳವೆ ಬಾವಿಯನ್ನೂ ಪರೀಕ್ಷೆ ಮಾಡಿಸಿ.

2. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುಡಿಯಲು, ಅಡುಗೆಗೆ ಶುದ್ಧೀಕರಿಸಿದ ನೀರನ್ನೋ, ಸಂಗ್ರಹಿಸಿ ಶುದ್ಧಗೊಳಿಸಿದ ಮಳೆನೀರನ್ನೋ ಬಳಸಿ.

3. ಮಕ್ಕಳಿಗೆ ರಾಗಿ, ಹಾಲು, ಸೊಪ್ಪು ಕೊಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಸುಣ್ಣದ ಅಂಶವಿದೆ. ಆದುದರಿಂದ ಬೆಳೆದ ರಾಗಿಯನ್ನೆಲ್ಲ ಮಾರದೆ ಮನೆಗೂ ಉಳಿಸಿಕೊಳ್ಳಿ.

4. ಮಗುವಿನ ನಡಿಗೆ ಬದಲಾದರೆ ತಡಮಾಡದೆ ವೈದ್ಯರಿಗೆ ತೋರಿಸಿ.