ಸ್ಟೀರಿಂಗ್ ಡ್ಯಾಂಪರ್: ಕೊಳ್ಳುವ ಮುನ್ನ ನಡುಕದ ಮೂಲ ಹುಡುಕಿ

ಬಾಣಾವರ: ಅರಸೀಕೆರೆ ಕಡೆಯಿಂದ ಬರುವ ಹೆದ್ದಾರಿ ಈ ಊರಿನಲ್ಲಿ ಕವಲೊಡೆಯುತ್ತದೆ. ಒಂದು ಕವಲು ಕಡೂರು, ತರೀಕೆರೆಯತ್ತ ಸಾಗಿದರೆ, ಇನ್ನೊಂದು ಜಾವಗಲ್, ಹಳೇಬೀಡು, ಬೇಲೂರಿನ ಮೂಲಕ ಮೂಡಿಗೆರೆಯ ಬೆಟ್ಟಸಾಲಿನತ್ತ ಹೊರಳುತ್ತದೆ. ಮಲೆನಾಡಿನ ಕಚ್ಚಾ ಹಾದಿಗಳಿಗೆಂದು ಸಜ್ಜುಗೊಳಿಸಿದ ಜೀಪು, ಜಿಪ್ಸಿಗಳು ಇಂತಹ ಬಯಲುಸೀಮೆಯ ರಸ್ತೆಗಳನ್ನು ದಾಟಿಯೇ ಬೆಟ್ಟ ಸೇರಬೇಕು. ಬೆಟ್ಟದ ಹಾದಿಯಲ್ಲಿ ಕಲ್ಲಿಗೆ ತಾಗಿದ ಚಕ್ರವು ಸ್ಟೀರಿಂಗನ್ನು ಚಾಲಕನ ಕೈಯಿಂದ ಕಿತ್ತುಕೊಳ್ಳುತ್ತದೆ. ಬಯಲಿನಲ್ಲಿ ವೇಗ ಏರಿದಾಗ ಸಣ್ಣದೊಂದು ಗುಂಡಿ ಸಿಕ್ಕರೂ ಮುಂದಿನ ಚಕ್ರಗಳು ಹಠಾತ್ತನೆ ಅಕ್ಕಪಕ್ಕಕ್ಕೆ ನಡುಗತೊಡಗುವುದುಂಟು. ಎರಡಕ್ಕೂ ಮದ್ದೆಂದು ಮಾರಾಟವಾಗುವ ಬಿಡಿಭಾಗವೇ ಸ್ಟೀರಿಂಗ್ ಡ್ಯಾಂಪರ್. ಮೊದಲನೆಯ ತೊಂದರೆಗೆ ಅದು ನಿಜವಾದ ಮದ್ದು. ಎರಡನೆಯದರಲ್ಲಿ ಅದು ಬಹುತೇಕ ರೋಗವನ್ನು ಮರೆಮಾಚುವ ಮುಸುಕಾಗಿಬಿಡುತ್ತದೆ.

ಕೆಲಸ ಮಾಡುವ ಬಗೆ

ಎಣ್ಣೆ ತುಂಬಿದ ಕೊಳವೆ, ಅದರೊಳಗೆ ಸರಿದಾಡುವ ಪಿಸ್ಟನ್. ಇಷ್ಟೇ ಡ್ಯಾಂಪರ್. ಇದರ ಒಂದು ತುದಿಯನ್ನು ಆಕ್ಸೆಲ್ ಅಥವಾ ಚಾಸಿಗೆ, ಇನ್ನೊಂದನ್ನು ಚಕ್ರಗಳನ್ನು ತಿರುಗಿಸುವ ಟೈ ರಾಡ್‌ಗೆ ಜೋಡಿಸಲಾಗುತ್ತದೆ. ಚಾಲಕ ನಿಧಾನವಾಗಿ ಸ್ಟೀರಿಂಗ್ ತಿರುಗಿಸಿದಾಗ ಎಣ್ಣೆಯು ಕಿರುರಂಧ್ರಗಳ ಮೂಲಕ ಸಲೀಸಾಗಿ ಹರಿದು ದಾರಿ ಬಿಡುತ್ತದೆ. ಕಲ್ಲಿನ ಹೊಡೆತದಿಂದ ಪಿಸ್ಟನ್ ರಭಸವಾಗಿ ಸರಿಯಲು ಹೊರಟರೆ ಅದೇ ಎಣ್ಣೆ ತಡೆಯೊಡ್ಡುತ್ತದೆ.

ಯಾರಿಗೆ ಅಗತ್ಯ?

ಮುಂದಿನ ಎರಡೂ ಚಕ್ರಗಳು ಒಂದೇ ಅಖಂಡ ಆಕ್ಸೆಲ್‌ನಲ್ಲಿರುವ ವಾಹನಗಳಿಗೆ ಇದರ ಪ್ರಯೋಜನ ಹೆಚ್ಚು. ಮಹೀಂದ್ರದ ಹಳೆಯ ಸಿಜೆ ಸರಣಿ, ಎಂಎಂ 540, ಮಾರುತಿ ಜಿಪ್ಸಿ ಈ ಗುಂಪಿಗೆ ಸೇರುತ್ತವೆ. 2023ರ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದ ಜಿಮ್ನಿಯದೂ ಇದೇ ರಚನೆ. ಅದರಲ್ಲಿ ಕಾರ್ಖಾನೆಯಿಂದಲೇ ಡ್ಯಾಂಪರ್ ಅಳವಡಿಸಲಾಗಿರುತ್ತದೆ. ಆದರೆ 2010ರ ಮತ್ತು 2020ರ ಥಾರ್‌ಗಳಲ್ಲಿ ಮುಂದಿನ ಚಕ್ರಗಳ ಸಸ್ಪೆನ್ಷನ್ ಪ್ರತ್ಯೇಕವಾಗಿದೆ. ಹಳೆಯ ಜೀಪಿಗೆಂದು ಮಾಡಿದ ಡ್ಯಾಂಪರನ್ನು ಅವುಗಳಿಗೆ ತೊಡಿಸಲು ಹೊರಡುವುದು ದುಡ್ಡು ದಂಡ.

ಮೊದಲು ತಪಾಸಣೆ

ವಾಹನ ನಡುಗುತ್ತಿದ್ದರೆ ಅಂಗಡಿಗೆ ಹೋಗುವ ಮುನ್ನ ಗ್ಯಾರೇಜಿಗೆ ಹೋಗುವುದು ಲೇಸು. ಒಬ್ಬರು ನಿಂತ ವಾಹನದ ಸ್ಟೀರಿಂಗನ್ನು ಎಡಬಲಕ್ಕೆ ಸ್ವಲ್ಪ ಸ್ವಲ್ಪವೇ ಆಡಿಸುತ್ತಿರಲಿ, ಇನ್ನೊಬ್ಬರು ಮುಂಭಾಗದ ಒಂದೊಂದೇ ಕೀಲನ್ನು ಗಮನಿಸಲಿ. ಬಳಿಕ ಜಾಕ್ ಹಾಕಿ, ಆಧಾರ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಬೇಕು. ಸಡಿಲ ಕಂಡರೆ ಕಿಂಗ್‌ಪಿನ್ ಅಥವಾ ಚಕ್ರದ ಬೇರಿಂಗ್ ಸವೆದಿರುವ ಸಂಭವವಿದೆ. ಎಡಬಲಕ್ಕೆ ಹಿಡಿದಾಗ ಅಲುಗಿದರೆ ಟೈ ರಾಡ್ ಎಂಡ್‌ಗಳತ್ತ ದೃಷ್ಟಿ ಹರಿಸಬೇಕು. ಸ್ಪ್ರಿಂಗ್ ಬುಷ್, ಚಕ್ರಗಳ ಬ್ಯಾಲೆನ್ಸಿಂಗ್, ಗಾಳಿಯ ಒತ್ತಡವನ್ನೂ ಪರೀಕ್ಷಿಸುವುದು ಅಗತ್ಯ.

ವಾಹನವನ್ನು ಎತ್ತರಿಸಿ ದೊಡ್ಡ ಟೈರ್ ಹಾಕಿಸಿದ್ದರೆ ಅದೇ ನಡುಕದ ಮೂಲವಾಗಿರಬಹುದು. ಎತ್ತರಿಸುವಾಗ ಕಿಂಗ್‌ಪಿನ್‌ನ ಹಿಂಬಾಗು, ಅಂದರೆ ಕ್ಯಾಸ್ಟರ್ ಕೋನ, ಕಡಿಮೆಯಾದರೆ ಚಕ್ರಗಳಿಗೆ ತಾವಾಗಿಯೇ ನೇರಕ್ಕೆ ಮರಳುವ ಗುಣ ತಗ್ಗುತ್ತದೆ. ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ನೀಡಿರುವುದನ್ನೂ ಇಲ್ಲಿ ನೆನೆಯಬಹುದು.

ಸವೆದ ಕೀಲಿನ ಮೇಲೆ ಹೊಸ ಡ್ಯಾಂಪರ್ ಕೂರಿಸಿದರೆ ಕೆಲಕಾಲ ನಡುಕ ನಿಲ್ಲುತ್ತದೆ. ಅಪಾಯವಿರುವುದೇ ಅಲ್ಲಿ. ಕೀಲು ಸವೆಯುತ್ತಲೇ ಇರುತ್ತದೆ, ಚಾಲಕನಿಗೆ ಸುಳಿವು ಸಿಗುವುದಿಲ್ಲ. ಈ ಚರ್ಚೆ ಹಳೆಯ ಜೀಪುಗಳಿಗಷ್ಟೇ ಸೀಮಿತವಲ್ಲ. ಅಮೆರಿಕದಲ್ಲಿ ಹೊಸ ಜೀಪ್ ರ್‍ಯಾಂಗ್ಲರ್‌ಗಳ ನಡುಕದ ಬಗ್ಗೆ ದೂರುಗಳು ಬಂದಾಗ ಕಂಪನಿಯು 2019ರಲ್ಲಿ ಡ್ಯಾಂಪರ್‌ಗಳನ್ನು ಉಚಿತವಾಗಿ ಬದಲಿಸಿಕೊಡಲು ಮುಂದಾಯಿತು. ಡ್ಯಾಂಪರ್ ಬದಲಿಸಿದ ಮಾತ್ರಕ್ಕೆ ಮೂಲದೋಷ ನಿವಾರಣೆಯಾಗದು ಎಂದು ವಾದಿಸಿ ಮಾಲೀಕರು ನ್ಯಾಯಾಲಯದ ಮೆಟ್ಟಿಲೇರಿದ್ದರು.

ಆಯ್ಕೆ ಹೇಗೆ?

ಮೊದಲನೆಯದು ಅಳತೆ. ಸ್ಟೀರಿಂಗನ್ನು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ತಿರುಗಿಸಿ, ಡ್ಯಾಂಪರ್ ಕೂರುವ ಎರಡು ಬಿಂದುಗಳ ನಡುವಣ ದೂರವನ್ನು ಎರಡೂ ಸಲ ಅಳೆಯಬೇಕು. ಉದಾಹರಣೆಗೆ, ಈ ದೂರ 330 ಮತ್ತು 470 ಮಿಲಿಮೀಟರ್ ಇದ್ದರೆ, ಮಡಚಿದಾಗ 300, ಚಾಚಿದಾಗ 500 ಮಿಲಿಮೀಟರ್ ಇರುವ ಡ್ಯಾಂಪರ್ ಹೊಂದುತ್ತದೆ. ಅಳತೆ ಗಿಡ್ಡವಾದರೆ ಚಕ್ರ ಪೂರ್ತಿ ತಿರುಗುವ ಮೊದಲೇ ಡ್ಯಾಂಪರ್ ತಡೆಗಟ್ಟೆಯಾಗುತ್ತದೆ, ಬ್ರಾಕೆಟ್ ಮುರಿಯಲೂಬಹುದು.

ಎರಡನೆಯದು ತಡೆಯ ಸಮತೋಲನ. ಸ್ಟೀರಿಂಗ್ ಡ್ಯಾಂಪರ್ ಒತ್ತುವಾಗಲೂ ಎಳೆಯುವಾಗಲೂ ಸಮಾನ ತಡೆ ಕೊಡಬೇಕು. ಸಾಮಾನ್ಯ ಶಾಕ್ ಅಬ್ಸಾರ್ಬರ್‌ನಲ್ಲಿ ಎಳೆಯುವಾಗಿನ ತಡೆಯೇ ಹೆಚ್ಚು. ಆದ್ದರಿಂದ ಅಗ್ಗವೆಂದು ಅದನ್ನೇ ಅಡ್ಡಲಾಗಿ ಕಟ್ಟಿಸುವುದು ಸಲ್ಲದು.

ಮೂರನೆಯದು ಗ್ಯಾಸ್. ಹೆಚ್ಚು ಒತ್ತಡದ ಗ್ಯಾಸ್ ತುಂಬಿದ ಡ್ಯಾಂಪರ್‌ನ ರಾಡ್ ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಇದರಿಂದ ವಾಹನ ಒಂದು ಬದಿಗೆ ಎಳೆಯಬಹುದು. ಒಂದೇ ಡ್ಯಾಂಪರ್ ಸಾಕೆನ್ನುವವರಿಗೆ ಎಣ್ಣೆಯ ಮಾದರಿಯೇ ಸೂಕ್ತ.

ನಾಲ್ಕನೆಯದು ಜೋಡಣೆ. ಡ್ಯಾಂಪರ್ ಆದಷ್ಟು ಟೈ ರಾಡ್‌ಗೆ ಸಮಾನಾಂತರವಾಗಿರಬೇಕು. ಓರೆಯಾದಷ್ಟೂ ಅದರ ಶಕ್ತಿ ಕುಗ್ಗುತ್ತದೆ. ಕಲ್ಲಿಗೆ ಸಿಗುವಷ್ಟು ಕೆಳಗೆ ಜೋತುಬೀಳಬಾರದು. ತೀರಾ ಬಿಗಿಯಾದುದನ್ನು ಆರಿಸಿದರೆ ತಿರುವಿನ ನಂತರ ಸ್ಟೀರಿಂಗ್ ನೇರಕ್ಕೆ ಮರಳುವುದು ತಡವಾಗುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ಹಳೆಯ ಜೀಪಿನಲ್ಲಿ ತೋಳು ಸೋಲುತ್ತದೆ.

ಓಡಾಟದಲ್ಲಿ ನಡುಕ ಕಾಣಿಸಿಕೊಂಡರೆ ಗಟ್ಟಿಯಾಗಿ ಬ್ರೇಕ್ ಒತ್ತದೆ, ಸ್ಟೀರಿಂಗನ್ನು ಭದ್ರವಾಗಿ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ವಾಹನವನ್ನು ನಿಧಾನವಾಗಿ ರಸ್ತೆ ಬದಿಗೆ ತರಬೇಕು. ನಡುಕಕ್ಕೆ ಕಾರಣ ಪತ್ತೆಯಾಗಿ ಅದು ಸರಿಹೋಗುವವರೆಗೆ ಅಂತಹ ವಾಹನವನ್ನು ಹೆದ್ದಾರಿಗೆ ಇಳಿಸದಿರುವುದೇ ಕ್ಷೇಮ. ಡ್ಯಾಂಪರ್ ಖರೀದಿ ಆ ಬಳಿಕದ ಮಾತು.